ಬುಟ್ಟಿಯ ಗಣಿತ, ಪೆಟ್ಟಿಗೆಯ ಯಂತ್ರ: ಕೊರಗ ಮಕ್ಕಳ ಶಾಲೆಗೆ ತಂತ್ರಜ್ಞಾನ ಯಾವ ಬಾಗಿಲಿನಿಂದ ಬರಬೇಕು?

ಕೇರಳದಲ್ಲಿ 2025ರ ಶೈಕ್ಷಣಿಕ ವರ್ಷದಿಂದ ಹತ್ತನೆಯ ತರಗತಿಯ ಎಲ್ಲ ಮಕ್ಕಳಿಗೂ ರೋಬೋಟಿಕ್ಸ್ ಪಾಠವಾಗಿದೆ. ಇದಕ್ಕಾಗಿ ಸಾರ್ವಜನಿಕ ಶಿಕ್ಷಣದ ತಂತ್ರಜ್ಞಾನ ವಿಭಾಗವಾದ ಕೈಟ್ ಸಂಸ್ಥೆ ಪ್ರೌಢಶಾಲೆಗಳಿಗೆ ಸುಮಾರು 29,000 ರೋಬೋಟಿಕ್ ಕಿಟ್‌ಗಳನ್ನು ಸಿದ್ಧಪಡಿಸಿತು. ಅದಕ್ಕೂ ಹಿಂದಿನ ವರ್ಷ ಏಳನೆಯ ತರಗತಿಯ ಐ.ಸಿ.ಟಿ. ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆ ಬಂದಿತ್ತು. ಮನುಷ್ಯನ ಮುಖಭಾವವನ್ನು ಗುರುತಿಸುವ ಸಣ್ಣ ಪ್ರೋಗ್ರಾಮನ್ನು ಮಕ್ಕಳೇ ರಚಿಸುವ ಪಾಠ ಅದು. ಈ ಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಬೇರೆ ರಾಜ್ಯಗಳ ಗಡಿಗಳಲ್ಲಿ ಒಂದು ಗಣಿತ ಪುಸ್ತಕಕ್ಕಾಗಿ ಅರ್ಧ ವರ್ಷ ಕಾಯುವ ಕನ್ನಡ ಶಾಲೆಗಳನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಇದನ್ನು ಮೆಚ್ಚಿಯೇ ಮುಂದಿನ ಮಾತನ್ನು ಹೇಳುತ್ತೇವೆ.

ಆ ಕಿಟ್ಟಿನ ಪೆಟ್ಟಿಗೆ ಬಂದಿರುವುದು ಪ್ರೌಢಶಾಲೆಗೆ. ‘ಲಿಟ್ಲ್ ಕೈಟ್ಸ್’ ಎಂಬ ಮಕ್ಕಳ ತಂತ್ರಜ್ಞಾನ ಕೂಟ 2018ರಲ್ಲಿ ಆರಂಭವಾದಾಗಲೂ ಅದು ಪ್ರೌಢಶಾಲೆಯ ಮಕ್ಕಳಿಗಾಗಿಯೇ ಇತ್ತು. ಗಡಿನಾಡಿನ ಕೊರಗ ಮಗುವಿನ ಶಾಲಾ ಬದುಕು ನಿರ್ಧಾರವಾಗುವುದಾದರೋ ಅದಕ್ಕಿಂತ ಬಹಳ ಮೊದಲು, ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಭಾಗಾಕಾರ ಎಂದರೆ ಭಯ ಎಂದು ಮಗು ತೀರ್ಮಾನಿಸಿಕೊಳ್ಳುವುದು ಅಲ್ಲಿ. ಬೆಂಚಿನ ಯಾವ ತುದಿಯಲ್ಲಿ ಕುಳಿತರೆ ಪ್ರಶ್ನೆ ತನ್ನ ಕಡೆಗೆ ಬರುವುದಿಲ್ಲ ಎಂಬುದನ್ನು ಕಂಡುಕೊಳ್ಳುವುದೂ ಅಲ್ಲಿಯೇ. ಶಾಲೆಗೆ ಬರುವುದನ್ನು ಕ್ರಮೇಣ ನಿಲ್ಲಿಸಿದ ಮಗುವಿಗೆ ಹತ್ತನೆಯ ತರಗತಿಯ ರೋಬೋಟ್ ಇದ್ದೂ ಇಲ್ಲದಂತೆ.

ಕೊರಗರನ್ನು ಕುರಿತು ಹೇಳುವಾಗ ಸಂಖ್ಯೆಯಿಂದ ಆರಂಭಿಸುವುದು ವಾಡಿಕೆ. ಕೇಂದ್ರ ಸರಕಾರ ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಕೇರಳದ ಐದು ಬುಡಕಟ್ಟುಗಳಲ್ಲಿ ಕೊರಗರೂ ಒಬ್ಬರು. ಕಾಟುನಾಯಕ, ಚೋಲನಾಯಕ, ಕಾಡರ್ ಮತ್ತು ಕುರುಂಬ ಉಳಿದ ನಾಲ್ಕು. 2011ರ ಜನಗಣತಿಯಲ್ಲಿ ಕೇರಳದ ಕೊರಗರು ಎರಡು ಸಾವಿರವನ್ನೂ ಮುಟ್ಟಲಿಲ್ಲ. ಗಡಿಯ ಆಚೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಅವರ ಬಂಧುಗಳು ಇದರ ಹಲವು ಪಟ್ಟು ಇದ್ದಾರೆ. 1956ರ ನವೆಂಬರ್ 1ರಂದು ಎಳೆದ ರಾಜ್ಯದ ಗೆರೆ ನಮ್ಮ ಮನೆಗಳನ್ನು ಹೇಗೆ ಸೀಳಿತೋ ಅವರ ಕುಟುಂಬಗಳನ್ನೂ ಹಾಗೆಯೇ ಸೀಳಿತು. ಆ ಗೆರೆಯ ಬಗ್ಗೆ ನಡೆದ ಚಳವಳಿಗಳ ಇತಿಹಾಸದಲ್ಲಿ ಅವರ ಮಾತು ಎಲ್ಲಿ ದಾಖಲಾಗಿದೆ ಎಂದು ಹುಡುಕಿದರೆ ಸಿಗುವುದು ಕಷ್ಟ.

ಈ ಮಗುವಿನ ಭಾಷೆಯ ಏಣಿಯನ್ನು ಒಮ್ಮೆ ನೋಡೋಣ. ಮನೆಯಲ್ಲಿ ತುಳು, ಕೆಲವು ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಕೊರಗ ನುಡಿ. ಶಾಲೆಯ ಪುಸ್ತಕದಲ್ಲಿ ಕನ್ನಡ. 2017ರ ಮಲಯಾಳ ಭಾಷಾ ಕಲಿಕಾ ಕಾನೂನಿನ ಬಳಿಕ ಮಲಯಾಳ. ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷ್. ನಾಲ್ಕನೆಯ ಮೆಟ್ಟಿಲಿನಲ್ಲಿ ಯಂತ್ರ ಇದೆ, ಒಂದನೆಯದರಲ್ಲಿ ಮಗು ಇದೆ. ನಡುವಿನ ಮೆಟ್ಟಿಲುಗಳನ್ನು ಹತ್ತಿಸಬೇಕಾದ ಅಧ್ಯಾಪಕರಿಗೂ ತರಬೇತಿ ಸಿಗುವುದು ಬಹುಪಾಲು ಮಲಯಾಳದಲ್ಲಿ. ಕನ್ನಡ ಮಾಧ್ಯಮದ ವಿಭಾಗಕ್ಕೆ ಕನ್ನಡವೇ ತಿಳಿಯದವರನ್ನು ನೇಮಿಸಿದ ಪ್ರಕರಣಗಳು ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ನಡೆದು, ಮಕ್ಕಳೂ ಪೋಷಕರೂ ಶಾಲೆಯ ಗೇಟಿನ ಮುಂದೆ ಕುಳಿತದ್ದನ್ನು ಓದುಗರು ಮರೆತಿರಲಾರರು. ಗಣಿತದ ಅಧ್ಯಾಪಕರಿಗೆ ‘ಶೇಷ’ ಎಂಬ ಪದ ಗೊತ್ತಿಲ್ಲದಿದ್ದರೆ ಲಕ್ಷ ರೂಪಾಯಿಯ ಪರದೆಯೂ ಆ ಪದವನ್ನು ಹೇಳಿಕೊಡದು.

ಹಾಗಾದರೆ ಪ್ರಾಥಮಿಕ ಶಾಲೆಗೂ ಕಿಟ್ಟು ಕೊಡಿ, ಭಾಷಾಂತರ ಮಾಡಿ ಎಂದು ಕೇಳಿದರೆ ಸಾಕೇ? ಸಾಲದು ಎಂಬುದು ನಮ್ಮ ಅಭಿಪ್ರಾಯ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಈ ನಾಲ್ಕನ್ನೂ ಸೇರಿಸಿ ‘ಸ್ಟೆಮ್’ ಎನ್ನುವುದು ಈಗಿನ ರೂಢಿ. ಅದು ಮಗುವಿನ ಸಂಸ್ಕೃತಿಗೆ ಹೊಂದಿಕೊಂಡಿರಬೇಕು ಎನ್ನುವ ಮಾತು ಈಚೆಗೆ ಎಲ್ಲ ಯೋಜನಾ ವರದಿಗಳಲ್ಲಿಯೂ ಕಾಣುತ್ತದೆ. ಆದರೆ ಹೊಂದಿಕೆ ಎಂಬುದು ಶಾಲೆಯ ಅಂಗಳದಲ್ಲಿ ಬಹುಬೇಗ ಅಲಂಕಾರವಾಗಿಬಿಡುತ್ತದೆ. ರೋಬೋಟಿಗೆ ಮುಟ್ಟಾಳೆ ತೊಡಿಸಿ ಫೋಟೋ ತೆಗೆಯುವುದು ಸುಲಭ. ವಿಜ್ಞಾನ ಮೇಳದ ದಿನ ಕೊರಗ ಮಗುವಿನ ಕೈಗೆ ಬುಟ್ಟಿ ಕೊಟ್ಟು ನಿಲ್ಲಿಸುವುದು ಇನ್ನೂ ಸುಲಭ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊರಗ ಮಗುವಿಗೆ ಬುಟ್ಟಿ ಮತ್ತು ಡೋಲು ಬರಿಯ ಕಲೆಗಳಲ್ಲ. ಅವು ಶತಮಾನಗಳ ಅವಮಾನವನ್ನೂ ಹೊತ್ತ ವಸ್ತುಗಳು. ‘ಅಜಲು’ ಎಂಬ ಹೆಸರಿನಲ್ಲಿ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ಉಣಿಸುತ್ತಿದ್ದುದನ್ನು, ಕರೆದಾಗ ಡೋಲು ಬಡಿಯಲೇಬೇಕೆಂದು ಕಟ್ಟುಪಾಡು ಹೇರಿದ್ದನ್ನು ಈ ನಾಡಿನ ಹಿರಿಯರು ಬಲ್ಲರು. ಕರ್ನಾಟಕ ಅದನ್ನು ನಿಷೇಧಿಸಲು 2000ನೆಯ ಇಸವಿಯಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಅಂಥ ಹಿನ್ನೆಲೆಯ ಮಗುವನ್ನು ‘ನಿಮ್ಮ ಮನೆಯಲ್ಲಿ ಬುಟ್ಟಿ ಹೆಣೆಯುತ್ತಾರಲ್ಲ, ಒಂದು ತಾ’ ಎಂದು ಇಡೀ ತರಗತಿಯ ಮುಂದೆ ಕೇಳಿದರೆ, ಮಾತಿನಲ್ಲಿ ಎಷ್ಟೇ ಪ್ರೀತಿಯಿದ್ದರೂ, ಮಗುವಿನ ಕಿವಿಗೆ ಬೀಳುವುದು ಬೇರೆಯೇ. ತನ್ನ ಜಾತಿಯನ್ನು ಗುರುಗಳು ಗಟ್ಟಿಯಾಗಿ ಓದಿದರೆಂದು ಅದು ತಿಳಿಯುತ್ತದೆ. ಮರುದಿನ ಆ ಮಗು ಶಾಲೆಗೆ ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಅದರ ಕಾರಣ ಬರೆಯಲು ಜಾಗವಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಹಲವು ಕೊರಗ ತಾಯಂದಿರು ನಮ್ಮಲ್ಲಿ ಹೇಳುವುದು ಒಂದೇ ಮಾತು: ಈ ಬಳ್ಳಿಯ ಕೆಲಸ ನಮಗೆ ಸಾಕು, ಮಕ್ಕಳಿಗೆ ಬೇಡ. ಆ ಮಾತನ್ನು ಗೌರವಿಸದ ಯಾವ ಸಂಸ್ಕೃತಿ ಪ್ರೇಮವೂ ಕಪಟ. ಬುಟ್ಟಿಯನ್ನು ತರಗತಿಗೆ ತರುವ ಉದ್ದೇಶ ಬುಟ್ಟಿ ನೇಯುವವರನ್ನು ತಯಾರಿಸುವುದಾದರೆ ಅದು ಕುಲಕಸುಬಿಗೆ ಶಾಲೆಯ ಮುದ್ರೆ ಒತ್ತಿದಂತೆ ಆಗುತ್ತದೆ. ಹೆಣಿಗೆಯೊಳಗೆ ಅಡಗಿರುವ ಗಣಿತವನ್ನು ಹೊರತೆಗೆದು, ಕಲಿಯಬಲ್ಲ ಎಲ್ಲ ಮಕ್ಕಳ ಮುಂದೆ ಇಡುವುದು, ಆ ಗಣಿತವನ್ನು ಮೊದಲು ಕಂಡವರು ಯಾರೆಂದು ಹೇಳುವುದು, ಇದು ಬೇರೆ ಕೆಲಸ. ಮೇಸ್ತ್ರಿಯ ಮಗ, ಬ್ಯಾರಿ ಮನೆಯ ಮಗಳು, ಹವ್ಯಕ ಮನೆಯ ಹುಡುಗ, ಕೊರಗ ಹುಡುಗಿ ಎಲ್ಲರೂ ನೆಲದ ಮೇಲೆ ಕುಳಿತು ಬಳ್ಳಿ ಹಿಡಿಯಬೇಕು. ಹೆಣೆಯಲು ಕಲಿಸುವ ಹಿರಿಯರು ಕುರ್ಚಿಯಲ್ಲಿ ಕುಳಿತಿರಬೇಕು.

ಅದರೊಳಗಿನ ಗಣಿತ ಯಾವುದು? ಗುಂಡಗಿನ ತಳವಿರುವ ಬುಟ್ಟಿಯೊಂದನ್ನು ಎದುರಿಗಿಟ್ಟುಕೊಳ್ಳಿ. ತಳದಿಂದ ಸುತ್ತಲೂ ಮೇಲೆದ್ದ ಕಡ್ಡಿಗಳು, ಅವುಗಳ ನಡುವೆ ಒಂದರ ಮೇಲೆ, ಒಂದರ ಕೆಳಗೆ ಎಂದು ಸುತ್ತುವ ಒಂದೇ ಎಳೆ. ಈಗ ಕಡ್ಡಿಗಳು 8 ಇವೆ ಎಂದುಕೊಳ್ಳೋಣ. ಎಳೆ ಒಂದನೆಯ ಕಡ್ಡಿಯ ಮೇಲೆ, ಎರಡನೆಯದರ ಕೆಳಗೆ ಹೋಗಿ ಎಂಟನೆಯದರ ಕೆಳಗೆ ಮುಗಿಯುತ್ತದೆ. ಎರಡನೆಯ ಸುತ್ತಿನಲ್ಲಿ ಒಂದನೆಯ ಕಡ್ಡಿಗೆ ಮತ್ತೆ ‘ಮೇಲೆ’ಯೇ ಬರುತ್ತದೆ. ಮೂರನೆಯ ಸುತ್ತಿಗೂ ಅದೇ. ಎಳೆಗಳು ಒಂದನ್ನೊಂದು ಬಿಗಿಯುವುದಿಲ್ಲ, ಹೆಣಿಗೆ ಜಾರುತ್ತದೆ. ಕಡ್ಡಿಗಳು 7 ಆದರೆ ಒಂದನೆಯದರ ಮೇಲೆ ಹೊರಟ ಎಳೆ ಏಳನೆಯದರ ಮೇಲೆಯೇ ಮುಗಿದು, ಎರಡನೆಯ ಸುತ್ತಿನಲ್ಲಿ ಒಂದನೆಯ ಕಡ್ಡಿಯ ಕೆಳಗೆ ನುಸುಳುತ್ತದೆ. ಪ್ರತಿ ಸುತ್ತಿಗೂ ಮೇಲು ಕೆಳಗಾಗುತ್ತದೆ, ಬುಟ್ಟಿ ನಿಲ್ಲುತ್ತದೆ. ಒಂದೇ ಎಳೆಯಲ್ಲಿ ಹೆಣೆಯುವವರಿಗೆ ಬೆಸ ಸಂಖ್ಯೆಯೇ ಬೇಕು. ಸಮಸಂಖ್ಯೆಯ ಕಡ್ಡಿಗಳಿದ್ದರೆ ಎರಡು ಎಳೆಗಳನ್ನು ಬೆನ್ನಟ್ಟಿಸಿಕೊಂಡು ಹೋಗಬೇಕು.

ಸಮ, ಬೆಸ ಎಂಬ ಪಾಠವನ್ನು ಪುಸ್ತಕ ಜೋಡಿ ಮಾಡುವ ಚಿತ್ರಗಳಿಂದ ಹೇಳಿಕೊಡುತ್ತದೆ, ತಪ್ಪೇನೂ ಇಲ್ಲ. ಆದರೆ ಬೆಸ ಸಂಖ್ಯೆ ಜಗತ್ತಿನಲ್ಲಿ ಏಕೆ ಬೇಕು ಎಂಬ ಪ್ರಶ್ನೆಗೆ ಇಷ್ಟು ಗಟ್ಟಿಯಾದ ಉತ್ತರವನ್ನು ಅದು ಕೊಡುವುದಿಲ್ಲ. ನಾಲ್ಕನೆಯ ತರಗತಿಯ ಮಕ್ಕಳಿಗೆ 7 ಕಡ್ಡಿಯ ಒಂದು ಚೌಕಟ್ಟು, 8 ಕಡ್ಡಿಯ ಇನ್ನೊಂದು ಚೌಕಟ್ಟು ಕೊಟ್ಟು ಸುಮ್ಮನಿದ್ದು ನೋಡಿ. ಅರ್ಧ ಗಂಟೆಯೊಳಗೆ ಗಲಾಟೆ ಆರಂಭವಾಗುತ್ತದೆ: ‘ಟೀಚರ್, ಇದು ಸರಿ ಬರುವುದಿಲ್ಲ!’ ಆ ಗಲಾಟೆಯೇ ಪಾಠ. ಬಳ್ಳಿ ಸಿಗದಿದ್ದರೆ ಹಳೆಯ ರಟ್ಟು, ತೆಂಗಿನ ಗರಿಯ ಕಡ್ಡಿ, ಬಟ್ಟೆಯ ಪಟ್ಟಿ ಸಾಕು.

ಯಂತ್ರ ಬರಬೇಕಾದದ್ದು ಇದಾದ ಮೇಲೆ. ‘ಒಂದರ ಮೇಲೆ, ಒಂದರ ಕೆಳಗೆ, ಮುಗಿಯುವ ತನಕ ಮತ್ತೆ ಮಾಡು’ ಎಂಬುದು ಯಾವುದೇ ಪ್ರೋಗ್ರಾಮಿನಲ್ಲಿ ಬರುವ ಆವರ್ತನದ ಆದೇಶ. ಮೇಲೆ ಎಂದರೆ 1, ಕೆಳಗೆ ಎಂದರೆ 0 ಎಂದು ಬರೆದರೆ ಬುಟ್ಟಿಯ ಒಂದು ಸುತ್ತು ಕಂಪ್ಯೂಟರಿನ ಭಾಷೆಯ ಒಂದು ಸಾಲಾಗುತ್ತದೆ. ಇದು ಕವಿಕಲ್ಪನೆಯಲ್ಲ. ಫ್ರಾನ್ಸಿನ ಜಕಾರ್ಡ್ 19ನೆಯ ಶತಮಾನದ ಆರಂಭದಲ್ಲಿ ನೇಯ್ಗೆಯ ಮಗ್ಗಕ್ಕೆ ಅಳವಡಿಸಿದ ತೂತಿನ ಕಾರ್ಡುಗಳ ಕಲ್ಪನೆಯನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎರವಲು ಪಡೆದನು. ಗಣಕದ ವಂಶಾವಳಿಯಲ್ಲಿ ನೇಕಾರರಿದ್ದಾರೆ. ಈ ಮಾತನ್ನು ಬುಟ್ಟಿ ಹೆಣೆಯುವ ಮನೆಯ ಮಗುವಿಗೆ ಯಾರಾದರೂ ಹೇಳಿದ್ದಾರೆಯೇ?

ಪ್ರೌಢಶಾಲೆಗೆ ಬಂದ ಕಿಟ್ಟಿನಲ್ಲಿರುವ ಆರ್ಡುಯಿನೋ ಫಲಕಕ್ಕೆ ಏಳು ಎಲ್‌.ಇ.ಡಿ. ದೀಪಗಳನ್ನು ವೃತ್ತಾಕಾರವಾಗಿ ಜೋಡಿಸಬಹುದು. ಒಂದು ಬಿಟ್ಟು ಒಂದು ಬೆಳಗುತ್ತಾ ಸುತ್ತು ಬರಲಿ. ಎರಡನೆಯ ಸುತ್ತಿನಲ್ಲಿ ಮೊದಲು ಆರಿದ್ದವು ಬೆಳಗುತ್ತವೆ. ಎಂಟನೆಯ ದೀಪ ಸೇರಿಸಿದರೆ ಅವವೇ ನಾಲ್ಕು ದೀಪಗಳು ಮತ್ತೆ ಮತ್ತೆ ಬೆಳಗುತ್ತವೆ. ಮಕ್ಕಳು ಕೈಯಲ್ಲಿ ಕಂಡದ್ದನ್ನು ದೀಪದಲ್ಲಿ ಕಾಣುತ್ತಾರೆ. ಪಕ್ಕದ ಪ್ರೌಢಶಾಲೆಯ ಲಿಟ್ಲ್ ಕೈಟ್ಸ್ ಮಕ್ಕಳು ಒಂದು ಶನಿವಾರ ಕಿಟ್ಟು ಹಿಡಿದು ಕಿರಿಯ ಪ್ರಾಥಮಿಕ ಶಾಲೆಗೆ ಬಂದರೆ ಇದನ್ನು ಮಾಡಬಹುದು. ಹೊಸ ಆದೇಶ, ಹೊಸ ಅನುದಾನ ಯಾವುದೂ ಬೇಡ. ಒಂದರಿಂದ ನಾಲ್ಕರವರೆಗಿನ ತರಗತಿಗಳಿಗೆ ‘ಕಳಿಪ್ಪೆಟ್ಟಿ’ ಎಂಬ ಐ.ಸಿ.ಟಿ. ಪುಸ್ತಕ ಇದ್ದೇ ಇದೆ. ಅದರ ಹೆಸರಿನ ಅರ್ಥವೇ ಆಟದ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ನಮ್ಮ ಊರಿನ ಆಟವನ್ನು ಇಡಲು ಯಾರೂ ತಡೆಯುವುದಿಲ್ಲ.

ಬುಟ್ಟಿಯಿಂದ ಅಳತೆಗೆ ಹೋಗುವುದೂ ಸಹಜ. ಕುಡ್ಪು, ಕುರುವೆ, ತಡ್ಪೆ ಎಂಬ ತುಳು ಹೆಸರುಗಳು ಈ ಪ್ರದೇಶದ ಎಲ್ಲ ಮನೆಗಳಿಗೂ ಗೊತ್ತು. ಒಂದು ಕುರುವೆಯಲ್ಲಿ ಎಷ್ಟು ಸೇರು ಅಕ್ಕಿ ಹಿಡಿಯುತ್ತದೆ, ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದರೆ ಎಷ್ಟು ಹಿಡಿಯುತ್ತದೆ ಎಂದು ಕೇಳಿದರೆ ದೊಡ್ಡವರೂ ‘ಎರಡು ಪಟ್ಟು’ ಎನ್ನುತ್ತಾರೆ. ಅಳೆದು ಸುರಿದು ನೋಡಿದಾಗ ಎಂಟು ಪಟ್ಟು. ಬುಟ್ಟಿ ಹೆಣೆದು ಮಾರುವ ಅಜ್ಜಿಗೆ ಇದು ಕಣ್ಣಂದಾಜಿನಲ್ಲಿಯೇ ಗೊತ್ತಿರುತ್ತದೆ, ಏಕೆಂದರೆ ತಪ್ಪಿದರೆ ಬಳ್ಳಿ ದಂಡ. ಆ ಬಳ್ಳಿಯೂ ಈಗ ಸುಲಭವಾಗಿ ಸಿಗುವುದಿಲ್ಲ. ಗುಡ್ಡಗಳಿಗೆ ರಬ್ಬರು ಬಂತು, ಬೇಲಿ ಬಂತು. ಅಂಗಡಿಗಳಿಗೆ ಪ್ಲಾಸ್ಟಿಕ್ ಬುಟ್ಟಿ ಬಂತು. ಯಾವ ಬಳ್ಳಿ ಯಾವ ಗುಡ್ಡದಲ್ಲಿ ಉಳಿದಿದೆ, ಕಡಿದ ಮೇಲೆ ಚಿಗುರಲು ಎಷ್ಟು ಕಾಲ ಬೇಕು ಎಂದು ಮಕ್ಕಳು ನಕ್ಷೆ ಬರೆದರೆ ಅದು ಸಸ್ಯಶಾಸ್ತ್ರ. ಮೊಬೈಲಿನ ಜಿ.ಪಿ.ಎಸ್. ಬಳಸಿ ಗುರುತು ಹಾಕಿದರೆ ತಂತ್ರಜ್ಞಾನ. ಆ ನಕ್ಷೆಯನ್ನು ಪಂಚಾಯತಿಗೆ ಕೊಟ್ಟರೆ ಅದು ಮನವಿ.

ಎಲ್ಲವನ್ನೂ ಬುಟ್ಟಿಯಿಂದಲೇ ಕಲಿಸಬೇಕೆಂದೇನೂ ಇಲ್ಲ. ನಮ್ಮ ಕಾಸರಗೋಡಿನಲ್ಲಿ ಸುರಂಗಗಳಿವೆ. ಬಾಯಾರು, ಪೈವಳಿಕೆ, ಎಣ್ಮಕಜೆಯ ಗುಡ್ಡಗಳಲ್ಲಿ ಕೆಂಪುಕಲ್ಲನ್ನು ಅಡ್ಡಲಾಗಿ ಕೊರೆದು, ಬಾಗಿ ನಡೆಯುವಷ್ಟು ಜಾಗದಲ್ಲಿ ಒಳಹೊಕ್ಕು, ಕಲ್ಲಿನ ಒಸರನ್ನು ಹಿಡಿದು ಹೊರತಂದ ಜಲವಿದ್ಯೆ ಇದು. ಪಂಪು ಬೇಡ, ವಿದ್ಯುತ್ತು ಬೇಡ. ನೆಲಕ್ಕೆ ಅತಿ ಸಣ್ಣ ಇಳಿಜಾರು ಕೊಟ್ಟರೆ ನೀರು ತಾನಾಗಿ ಬರುತ್ತದೆ, ಅಡಕೆ ಮರದ ದಂಬೆಯಲ್ಲಿ ಹರಿದು ಮದಕಕ್ಕೆ ಬೀಳುತ್ತದೆ. ಕೊರೆಯುವವರು ಒಳಗೆ ಮೊಂಬತ್ತಿ ಉರಿಸಿಟ್ಟುಕೊಳ್ಳುತ್ತಿದ್ದರು. ಬೆಳಕಿಗೆ ಮಾತ್ರವಲ್ಲ, ಜ್ವಾಲೆ ಕುಂದಿದರೆ ಪ್ರಾಣವಾಯು ಕಡಿಮೆಯಾಯಿತೆಂದು ಹೊರಬರಲು. ಇದಕ್ಕಿಂತ ಚೊಕ್ಕವಾದ ಸೆನ್ಸರ್ ಪಾಠ ಯಾವ ಪುಸ್ತಕದಲ್ಲಿದೆ? ಎಣ್ಮಕಜೆಯ ಪತ್ರಕರ್ತ ಶ್ರೀಪಡ್ರೆಯವರು ದಶಕಗಳಿಂದ ಈ ವಿದ್ಯೆಯನ್ನು ದಾಖಲಿಸುತ್ತಾ ಬಂದಿದ್ದಾರೆ. ಕನ್ನಡದಲ್ಲಿಯೇ ಸಾಮಗ್ರಿ ಇದೆ, ಪಠ್ಯವಾಗಿಲ್ಲ ಅಷ್ಟೇ.

ಐದನೆಯ ತರಗತಿಯ ಲೆಕ್ಕವನ್ನು ಇಲ್ಲಿಂದ ಎತ್ತಿಕೊಳ್ಳಿ. ಸುರಂಗದ ಬಾಯಲ್ಲಿ 10 ಲೀಟರಿನ ಬಾಲ್ದಿ ತುಂಬಲು 40 ಸೆಕೆಂಡು ಬೇಕಾದರೆ ನಿಮಿಷಕ್ಕೆ 15 ಲೀಟರ್, ಗಂಟೆಗೆ 900, ದಿನಕ್ಕೆ 21,600 ಲೀಟರ್. ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ ಅಳೆದು ರೇಖಾಚಿತ್ರ ಬರೆದರೆ ಬೇಸಗೆ ಎಂದರೇನೆಂದು ತಿಳಿಯುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. 100 ಚದರ ಮೀಟರಿನ ಶಾಲಾ ಮಾಡಿನ ಮೇಲೆ ಅದು ಮೂರೂವರೆ ಲಕ್ಷ ಲೀಟರ್. ಅಷ್ಟಾದರೂ ಏಪ್ರಿಲಿನಲ್ಲಿ ಎತ್ತರದ ನೆಲೆಗಳಿಗೆ ಟ್ಯಾಂಕರು ಏಕೆ ಬರುತ್ತದೆ? ಈ ಪ್ರಶ್ನೆಯನ್ನು ಬಿಡಿಸಲು ಮಕ್ಕಳಿಗೆ ಮೊಬೈಲು ಬೇಕು, ಸೆನ್ಸರು ಬೇಕು, ಲೆಕ್ಕದ ಹಾಳೆ ಬೇಕು. ಆಗ ತಂತ್ರಜ್ಞಾನ ಮಗುವಿನ ಕೈಯ ಹತಾರವಾಗುತ್ತದೆ.

ಇಂಥ ಪ್ರಯತ್ನಗಳು ಎಲ್ಲಿಯೂ ನಡೆದೇ ಇಲ್ಲವೆಂದಲ್ಲ. ಅಲಾಸ್ಕದ ವಿಶ್ವವಿದ್ಯಾಲಯದಲ್ಲಿ ಜೆರಿ ಲಿಪ್ಕಾ ಎಂಬವರ ತಂಡ ಯೂಪಿಕ್ ಬುಡಕಟ್ಟಿನ ಹಿರಿಯರ ಜೊತೆ ವರ್ಷಗಟ್ಟಲೆ ಕುಳಿತು ಪ್ರಾಥಮಿಕ ಶಾಲೆಗೆ ಗಣಿತ ಪಾಠಗಳನ್ನು ರಚಿಸಿತು. ಮೀನು ಒಣಗಿಸುವ ಚಪ್ಪರವನ್ನು ಕಟ್ಟುವ ಕ್ರಮದಿಂದ ಸುತ್ತಳತೆ ಮತ್ತು ವಿಸ್ತೀರ್ಣ, ಚಳಿಯ ಅಂಗಿಯ ಅಂಚಿನ ವಿನ್ಯಾಸದಿಂದ ರೇಖಾಗಣಿತ. ಹಿರಿಯರನ್ನು ಅಲ್ಲಿ ಅತಿಥಿಗಳಾಗಿ ಕರೆಯಲಿಲ್ಲ. ಪಾಠದ ಕರ್ತೃಗಳಾಗಿ ಪರಿಗಣಿಸಿದರು. ಹೋಲಿಕೆಯ ಪರೀಕ್ಷೆಗಳಲ್ಲಿ ಆ ಪಾಠಗಳನ್ನು ಕಲಿತ ಮಕ್ಕಳು ಮುಂದಿದ್ದರು, ಬುಡಕಟ್ಟಿನವರಲ್ಲದ ಮಕ್ಕಳೂ ಸೇರಿದಂತೆ. ಒಡಿಶಾ 2006-07ರ ಸುಮಾರಿಗೆ ಹತ್ತು ಬುಡಕಟ್ಟು ಭಾಷೆಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಆರಂಭಿಸಿತು. ನಮ್ಮದೇ ರಾಜ್ಯದಲ್ಲಿ ವಯನಾಡಿಗೆ 2017ರಲ್ಲಿ ‘ಗೋತ್ರಬಂಧು’ ಬಂತು: ಬುಡಕಟ್ಟು ಸಮುದಾಯದ ತರಬೇತಿ ಪಡೆದ ಯುವಕ ಯುವತಿಯರನ್ನೇ ಪ್ರಾಥಮಿಕ ಶಾಲೆಗಳಲ್ಲಿ ಮಾರ್ಗದರ್ಶಿ ಅಧ್ಯಾಪಕರಾಗಿ ನೇಮಿಸುವ ಯೋಜನೆ. ಅಟ್ಟಪ್ಪಾಡಿಯಲ್ಲಿ ‘ನಮ್ಮತ್ ಬಾಸೈ’ ಎಂಬ ಹೆಸರಿನಲ್ಲಿ ಇರುಳ, ಮುಡುಗ, ಕುರುಂಬ ನುಡಿಗಳಲ್ಲಿ ಕಲಿಸುವ ಪ್ರಯತ್ನ ನಡೆಯಿತು. ಅಂದರೆ ಕೇರಳಕ್ಕೆ ಈ ದಾರಿ ಗೊತ್ತಿದೆ. ಜಿಲ್ಲೆಯ ಉತ್ತರದ ತುದಿಗೆ ಬರುವಷ್ಟರಲ್ಲಿ ಆ ದಾರಿ ಕಿರಿದಾಗುತ್ತದೆ, ಏಕೆಂದರೆ ಇಲ್ಲಿ ಬುಡಕಟ್ಟಿನ ಪ್ರಶ್ನೆ ಭಾಷಾ ಅಲ್ಪಸಂಖ್ಯಾತರ ಪ್ರಶ್ನೆಯೊಂದಿಗೆ ಹೆಣೆದುಕೊಂಡಿದೆ. ಬುಡಕಟ್ಟು ಇಲಾಖೆ ಕನ್ನಡದ ವಿಷಯ ಶಿಕ್ಷಣ ಇಲಾಖೆಯದು ಎನ್ನುತ್ತದೆ; ಶಿಕ್ಷಣ ಇಲಾಖೆ ಕೊರಗರ ವಿಷಯ ಬುಡಕಟ್ಟು ಇಲಾಖೆಯದು ಎನ್ನುತ್ತದೆ. ಮಗು ಎರಡು ಕಚೇರಿಗಳ ನಡುವಿನ ವರಾಂಡದಲ್ಲಿ ನಿಂತಿರುತ್ತದೆ.

ಈಗ ಕನ್ನಡ ಮಾಧ್ಯಮದ ಪೋಷಕರೊಂದಿಗೆ ಒಂದು ನೇರ ಮಾತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಪ್ರತಿ ಮನವಿಯಲ್ಲಿಯೂ ನಾವು ಅದನ್ನು ಉಲ್ಲೇಖಿಸುತ್ತೇವೆ. ಕನ್ನಡ ಶಾಲೆಯ ಒಳಗೆ ಕುಳಿತ ಕೊರಗ ಮಗುವಿಗೆ ಅದೇ ವಿಧಿಯ ಅರ್ಥವೇನು? ಆ ಮಗುವಿಗೆ ಕನ್ನಡ ಮನೆಯ ನುಡಿಯಲ್ಲ. ಮಲಯಾಳ ಮಾತ್ರ ಬಲ್ಲ ಅಧ್ಯಾಪಕರ ಮುಂದೆ ಕನ್ನಡದ ಮಗು ಹೇಗೆ ಮೌನವಾಗುತ್ತದೋ, ತುಳು ಆಡಿದರೆ ಗದರುವ ಕನ್ನಡ ಅಧ್ಯಾಪಕರ ಮುಂದೆ ಕೊರಗ ಮಗುವೂ ಹಾಗೆಯೇ ಮೌನವಾಗುತ್ತದೆ. ನಮ್ಮ ನ್ಯಾಯದ ಬೇಡಿಕೆ ಗಟ್ಟಿಯಾಗುವುದು ಅದನ್ನು ನಾವು ಕೆಳಗಿನ ಮೆಟ್ಟಿಲಿಗೂ ಅನ್ವಯಿಸಿದಾಗ. ಒಂದು ಮತ್ತು ಎರಡನೆಯ ತರಗತಿಗಳಲ್ಲಿ ತುಳುವಿನಲ್ಲಿ ವಿವರಿಸಿ ಕನ್ನಡದಲ್ಲಿ ಬರೆಯಿಸುವುದರಿಂದ ಕನ್ನಡಕ್ಕೆ ನಷ್ಟವಿಲ್ಲ. ಕನ್ನಡಕ್ಕೆ ಒಬ್ಬ ಓದುಗ ದಕ್ಕುತ್ತಾನೆ.

ಲೆಕ್ಕಾಚಾರದ ಇನ್ನೊಂದು ಮುಖವನ್ನೂ ಹೇಳಬೇಕು, ಅದು ಅಷ್ಟು ಉದಾತ್ತವಲ್ಲ. ಗಡಿನಾಡಿನ ಹಲವು ಕನ್ನಡ ಕಿರಿಯ ಪ್ರಾಥಮಿಕ ಶಾಲೆಗಳು ಮಕ್ಕಳ ಕೊರತೆಯಿಂದ ಸೊರಗುತ್ತಿವೆ. ಕೈಯಲ್ಲಿ ನಾಲ್ಕು ಕಾಸಿರುವವರು ಇಂಗ್ಲಿಷ್ ಮಾಧ್ಯಮದ ವ್ಯಾನು ಹತ್ತಿಸುತ್ತಾರೆ. ಉಳಿಯುವವರು ಕೂಲಿ ಕೆಲಸದವರ, ಬುಡಕಟ್ಟಿನವರ, ಹಿಂದುಳಿದವರ ಮಕ್ಕಳು. ಹಲವು ಕಡೆ ಕನ್ನಡ ಶಾಲೆಯ ಬಾಗಿಲು ತೆರೆದಿರುವುದು ಈ ಮಕ್ಕಳಿಂದ. ಅವರು ಒಬ್ಬೊಬ್ಬರಾಗಿ ಬಿಟ್ಟುಹೋದರೆ ಹುದ್ದೆ ಹೋಗುತ್ತದೆ, ತರಗತಿ ಹೋಗುತ್ತದೆ, ಶಾಲೆಯೇ ಹೋಗುತ್ತದೆ. ಗಡಿನಾಡಿನ ಕನ್ನಡದ ಭವಿಷ್ಯವನ್ನು ಸಮ್ಮೇಳನದ ವೇದಿಕೆಯಲ್ಲಿ ಚರ್ಚಿಸುವವರು ಈ ಮಕ್ಕಳ ಹಾಜರಿಯನ್ನು ಒಮ್ಮೆ ನೋಡಬೇಕು.

ಹಣದ ಪ್ರಶ್ನೆ ಸಹಜವಾಗಿ ಬರುತ್ತದೆ. ಕೇರಳದಲ್ಲಿ ಗ್ರಾಮ ಪಂಚಾಯತಿಗೆ ಬುಡಕಟ್ಟು ಉಪಯೋಜನೆಯ ನಿಧಿ ಬರುತ್ತದೆ. ಅದರ ಬಹುಭಾಗ ಮನೆ, ರಸ್ತೆ, ಕುಡಿಯುವ ನೀರಿಗೆ ಹೋಗುವುದು ನ್ಯಾಯವೇ. ನಾವು ಕೇಳುವ ಕೆಲಸಕ್ಕೆ ಬೇಕಾಗುವುದು ಬಹಳ ಕಡಿಮೆ. ದೊಡ್ಡ ಖರ್ಚು ಯಂತ್ರದ್ದಲ್ಲ, ಮನುಷ್ಯರದ್ದು: ವಾರಕ್ಕೆ ಒಂದು ದಿನ ಶಾಲೆಗೆ ಬರುವ ಹೆಣಿಗೆಯ ಹಿರಿಯರಿಗೆ, ಕೊರಗ ಸಮುದಾಯದ ಓದಿದ ಯುವತಿಗೆ ಸಂಭಾವನೆ. ಈ ಸಂಭಾವನೆಯ ವಿಷಯದಲ್ಲಿ ನಾವು ಹಟ ಹಿಡಿಯಬೇಕು. ‘ಊಟ ಕೊಡುತ್ತೇವೆ, ಶಾಲು ಹೊದಿಸುತ್ತೇವೆ’ ಎಂಬ ಮಾತು ಕೊರಗರಿಗೆ ಬಹಳ ಹಳೆಯದು. ಕಂಪ್ಯೂಟರ್ ತರಬೇತಿಗೆ ಬರುವ ಸಂಪನ್ಮೂಲ ವ್ಯಕ್ತಿಗೆ ಯಾವ ದರವೋ ಅದೇ ದರ, ಅದೇ ರಸೀದಿ, ಅದೇ ಬ್ಯಾಂಕು ಖಾತೆ.

ತಂತ್ರಾಂಶದ ಬಗೆಗೂ ಒಂದು ಅನುಕೂಲವಿದೆ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವುದು ಲಿನಕ್ಸ್ ಆಧಾರದ ಮುಕ್ತ ತಂತ್ರಾಂಶ. ಅದನ್ನು ಅನುವಾದಿಸಲು, ಬದಲಾಯಿಸಲು, ಹಂಚಲು ಯಾವ ಕಂಪೆನಿಯ ಅಪ್ಪಣೆಯೂ ಬೇಡ. ಕನ್ನಡ ಪದಗಳಿಲ್ಲದ ಕಡೆ ನಾವು ಸೇರಿಸಬಹುದು. ತುಳು ಹೆಸರುಗಳುಳ್ಳ ಚಿತ್ರಕೋಶವನ್ನು ಮಕ್ಕಳ ಧ್ವನಿಯಲ್ಲಿಯೇ ಮುದ್ರಿಸಿ ಹಾಕಬಹುದು. ಕೋವಿಡ್ ಕಾಲದಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಕನ್ನಡದಲ್ಲಿಯೂ ಸಿದ್ಧವಾದದ್ದು ಈ ಜಿಲ್ಲೆಯ ಅಧ್ಯಾಪಕರ ದುಡಿಮೆಯಿಂದ. ಸಾಮರ್ಥ್ಯ ಇಲ್ಲ ಎನ್ನುವ ನೆಪ ಉಳಿದಿಲ್ಲ. ಆದರೆ ಆ ಕಾಲದಲ್ಲಿಯೇ ಇನ್ನೊಂದು ಪಾಠವೂ ಸಿಕ್ಕಿತು. ನೆಟ್‌ವರ್ಕ್ ಸಿಗದ, ಮನೆಗೆ ಒಂದೇ ಫೋನಿನ ನೆಲೆಗಳಲ್ಲಿ ಪರದೆಯ ಪಾಠ ಅರ್ಧಕ್ಕೆ ನಿಂತಿತು. ಆದುದರಿಂದ ಪ್ರಾಥಮಿಕ ಹಂತದಲ್ಲಿ ಇಂಟರ್‌ನೆಟ್ ಇಲ್ಲದೆ ನಡೆಯುವ ಚಟುವಟಿಕೆಗಳೇ ಮೊದಲು ಬರಬೇಕು. ಕೊರಗರ ನೆಲೆಗಳಲ್ಲಿ ಸರಕಾರದ ಸಾಮಾಜಿಕ ಕಲಿಕಾ ಕೇಂದ್ರಗಳಿರುವಲ್ಲಿ ಸಂಜೆಯ ಹೊತ್ತು ಅವನ್ನು ಬಳಸಬಹುದು. ಅಂದಹಾಗೆ ಈ ನೆಲೆಗಳನ್ನು ‘ಕಾಲನಿ’ ಎನ್ನಬಾರದೆಂದು ಕೇರಳ ಸರಕಾರ 2024ರ ಜೂನ್ ತಿಂಗಳಲ್ಲಿ ಆದೇಶ ಹೊರಡಿಸಿತು. ಫಲಕಗಳು ಬದಲಾದವು; ಅಧ್ಯಾಪಕರ ಕೊಠಡಿಯ ಮಾತು ಬದಲಾಗಲು ಇನ್ನಷ್ಟು ಸಮಯ ಬೇಕು.

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಗೆ ಹೋಗುವ ಪೋಷಕರು ಇಷ್ಟನ್ನು ಕೇಳಬಹುದು. ಸಮೀಪದ ಪ್ರೌಢಶಾಲೆಯ ರೋಬೋಟಿಕ್ ಕಿಟ್ಟು ತಿಂಗಳಿಗೆ ಒಂದು ಬಾರಿಯಾದರೂ ನಮ್ಮ ಶಾಲೆಗೆ ಬರುವಂತೆ ಮಾಡುವಿರಾ? ಶಾಲೆಯ ಸಂಪನ್ಮೂಲ ಗುಂಪಿನ ಸಭೆಯಲ್ಲಿ ಊರಿನ ಹೆಣಿಗೆ, ಸುರಂಗ, ಕಟ್ಟಗಳ ಬಗ್ಗೆ ಒಂದು ಪಾಠವನ್ನಾದರೂ ಈ ಅವಧಿಯಲ್ಲಿ ಯೋಜಿಸಿದ್ದೀರಾ? ಗೋತ್ರಬಂಧು ಮಾದರಿಯ ಒಬ್ಬ ಮಾರ್ಗದರ್ಶಿಯನ್ನು ನಮ್ಮ ಉಪಜಿಲ್ಲೆಗೆ ಕೊಡಬೇಕೆಂದು ಮೇಲಕ್ಕೆ ಬರೆದಿದ್ದೀರಾ? ತಾಯಂದಿರ ಸಂಘದ ಸಮಿತಿಯಲ್ಲಿ ಕೊರಗ ತಾಯಿಯೊಬ್ಬರು ಇದ್ದಾರೆಯೇ, ಇದ್ದರೆ ಅವರು ಸಭೆಯಲ್ಲಿ ಮಾತನಾಡಿದ್ದು ಯಾವಾಗ? ಈ ಕೊನೆಯ ಪ್ರಶ್ನೆಯನ್ನು ಅವರ ಎದುರಿನಲ್ಲಿಯೇ ಗಟ್ಟಿಯಾಗಿ ಕೇಳಬೇಡಿ. ಸಭೆಗೆ ಹೋಗುವ ದಾರಿಯಲ್ಲಿ ಅವರ ಮನೆಗೆ ಹೋಗಿ, ಜೊತೆಯಾಗಿ ಬನ್ನಿ.

ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯಿಸಿ, ಒಂದು ಪ್ರತಿಯನ್ನು ಉಪಜಿಲ್ಲಾ ಶಿಕ್ಷಣಾಧಿಕಾರಿಯ ಕಚೇರಿಗೆ, ಇನ್ನೊಂದನ್ನು ಬುಡಕಟ್ಟು ಅಭಿವೃದ್ಧಿ ಕಚೇರಿಗೆ, ಮೂರನೆಯದನ್ನು ಪಂಚಾಯತಿಗೆ ಒಂದೇ ದಿನ ಕೊಟ್ಟು ಸ್ವೀಕೃತಿಯ ಸಹಿ ಪಡೆಯಿರಿ. ಕಚೇರಿಯಲ್ಲಿ ಯಾರಾದರೂ ಮಲಯಾಳದಲ್ಲಿ ಬರೆದು ತನ್ನಿ ಎಂದರೆ ಸಂವಿಧಾನದ 350ನೆಯ ವಿಧಿಯನ್ನು ತೋರಿಸಿ. ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಅದು ಎಲ್ಲರಿಗೂ ಕೊಟ್ಟಿದೆ. ಮೂರು ಪ್ರತಿಗಳಲ್ಲಿಯೂ ಕೊರಗ ಪೋಷಕರ ಸಹಿ ಮೊದಲಿಗಿರಲಿ.